ಗುಡ್ಡ, ಇಡ್ಲಿ ತಟ್ಟೆ, ಹಡಗು: ಸಣ್ಣ ಕಥೆಯಂಥ ಮೂರು ಗೇಮುಗಳು

ನನ್ನ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನೂರು ಜಿಬಿಯ ಗೇಮ್ ಡೌನ್‌ಲೋಡ್ ಆಗುವಷ್ಟರಲ್ಲಿ ಭಾನುವಾರ ಮುಗಿದು ಸೋಮವಾರದ ಮೀಟಿಂಗ್ ಶುರುವಾಗಿರುತ್ತದೆ. ಹಾಗಾಗಿ ಸುಮಾರು ವರ್ಷದಿಂದ ಸಣ್ಣ ಗೇಮುಗಳನ್ನೇ ಹುಡುಕಿ ಆಡುತ್ತಿದ್ದೇನೆ. ಕಾದಂಬರಿ ಓದಲು ಪುರುಸೊತ್ತಿಲ್ಲದವರು ಕಥಾಸಂಕಲನ ತೆಗೆದುಕೊಳ್ಳುತ್ತಾರಲ್ವಾ, ಹಾಗೆ. ಕಥೆ ಇಷ್ಟ, ಗನ್ನು ಗಲಾಟೆ ಬೇಡ ಅನ್ನುವವರಿಗೆ ಮೂರು ಹೇಳುತ್ತೇನೆ.

ಮೊದಲನೆಯದು ‘ಎ ಶಾರ್ಟ್ ಹೈಕ್’. 2019ರದ್ದು, ಆಡಮ್ ರಾಬಿನ್ಸನ್-ಯು ಮಾಡಿದ್ದು. ಕ್ಲೇರ್ ಅಂತ ಒಂದು ಹಕ್ಕಿ ಹುಡುಗಿ ರಜೆಗೆ ಆಂಟಿ ಜೊತೆ ದ್ವೀಪಕ್ಕೆ ಬಂದಿದ್ದಾಳೆ. ಮುಖ್ಯವಾದ ಒಂದು ಫೋನ್ ಬರಬೇಕು, ನೆಟ್‌ವರ್ಕ್ ಇಲ್ಲ. ಗುಡ್ಡದ ತುದಿಗೆ ಹೋದರೆ ಸಿಗುತ್ತದೆ. ಅಷ್ಟೇ ಕಥೆ. ನಾನು ಮಲೆನಾಡಿನವನು, ನನಗೆ ಇದು ಗೇಮ್ ಅಂತಲೇ ಅನ್ನಿಸಲಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ನನ್ನ ತಂಗಿ ಆನ್‌ಲೈನ್ ಕ್ಲಾಸಿಗೆ ಅಂತ ದಿನಾ ಮನೆ ಹಿಂದಿನ ಗುಡ್ಡ ಹತ್ತುತ್ತಿದ್ದಳು, ಮಳೆ ಬಂದರೆ ಒಂದು ಕೈಲಿ ಕೊಡೆ, ಒಂದು ಕೈಲಿ ಮೊಬೈಲು, ಕಾಲಲ್ಲಿ ಇಂಬಳ.

ಚಿನ್ನದ ಗರಿಗಳು ಸಿಕ್ಕಷ್ಟೂ ಕ್ಲೇರ್ ಹೆಚ್ಚು ಎತ್ತರ ಹತ್ತಬಹುದು. ಆದರೆ ನೀವು ನೆಟ್ಟಗೆ ಮೇಲೆ ಹೋಗುವುದಿಲ್ಲ, ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಯಾರೋ ಮೀನು ಹಿಡಿಯುವುದನ್ನು ಕಲಿಸುತ್ತಾರೆ, ಯಾರೋ ಕಳೆದುಹೋದ ತಲೆಪಟ್ಟಿ ಹುಡುಕಿಕೊಡು ಅನ್ನುತ್ತಾರೆ. ನಾನು ಬೀಚಿನಲ್ಲಿ ಚೆಂಡು ಕೆಳಗೆ ಬೀಳದ ಹಾಗೆ ಕೋಲಿನಿಂದ ಹೊಡೆಯುತ್ತಾ ಅರ್ಧ ಗಂಟೆ ಕಳೆದೆ. ಸುಮ್ನೆ. ಒಟ್ಟು ಆಟ ಒಂದೂವರೆ ಎರಡು ಗಂಟೆ. ಫೋನಿನಲ್ಲಿ ಏನು ಹೇಳುತ್ತಾರೆ ಅಂತ ನಾನು ಹೇಳಲ್ಲ, ಆಡಿ ಮುಗಿಸಿದ ಮೇಲೆ ನಿಮ್ಮ ಮನೆಗೆ ಒಂದು ಫೋನ್ ಮಾಡುತ್ತೀರಿ, ಅಷ್ಟು ಗ್ಯಾರಂಟಿ.

ಎರಡನೆಯದು ‘ವೆಂಬಾ’. 2023ರಲ್ಲಿ ಬಂತು, ಟೊರಾಂಟೋದ ವಿಸೈ ಗೇಮ್ಸ್‌ನವರದ್ದು. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿ ಬೆಳೆಯುವ ಮಗ ಕವಿನ್. ತಾಯಿಯ ಹತ್ತಿರ ತನ್ನ ಅಮ್ಮನ ಅಡುಗೆ ಪುಸ್ತಕ ಇದೆ, ಹಾಳೆ ಹರಿದಿದೆ, ಅಕ್ಷರ ಅಳಿಸಿಹೋಗಿದೆ. ಬಿಟ್ಟುಹೋದ ಹಂತವನ್ನು ನಾವೇ ಊಹಿಸಿ ಅಡುಗೆ ಮುಗಿಸಬೇಕು. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ಹಬೆಗೆ ದಾರಿ ಬಿಟ್ಟು ಕೂರಿಸಬೇಕು. ಹೊರಗಿನವರಿಗೆ ಇದು ಒಗಟು, ನಮಗೆ ಬೆಳಗಿನ ತಿಂಡಿ. ಪಕ್ಕದಲ್ಲಿ ಕೂತಿದ್ದ ನನ್ನ ಅಮ್ಮ ಸ್ಕ್ರೀನ್ ನೋಡಿ ‘ಅಯ್ಯೋ, ತಟ್ಟೆ ತಿರುಗಿಸಿ ಇಡೋ’ ಅಂದರು. ಅವರು ಕಂಪ್ಯೂಟರ್ ಗೇಮಿಗೆ ಸಲಹೆ ಕೊಟ್ಟಿದ್ದು ಅದೇ ಮೊದಲು. ಅಕ್ಕಿ ಹಿಟ್ಟು, ಕಾಯಿತುರಿ ತುಂಬಿ ಕೊಳವೆಯಲ್ಲಿ ಬೇಯಿಸುವ ಪುಟ್ಟು ಅನ್ನುವ ತಿಂಡಿಯ ಸರದಿ ಬಂದಾಗ ಮಾತ್ರ ಇಬ್ಬರೂ ಎಡವಿದೆವು, ಮಂಗಳೂರಿನ ಕಡೆಯವರು ನಗಬೇಡಿ.

ದೂರು ಒಂದಿದೆ. ಅಡುಗೆ ಕಡಿಮೆಯಾಯಿತು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಪೂರ್ತಿ ಬೆಲೆ ಕೊಟ್ಟವರಿಗೆ ಹೊಟ್ಟೆ ತುಂಬುವುದಿಲ್ಲ, ಸೇಲ್ ಬರುವವರೆಗೆ ಕಾಯಿರಿ. 2024ರಲ್ಲಿ ಬ್ರಿಟನ್ನಿನ ಸಿನಿಮಾ-ಗೇಮ್ ಅಕಾಡೆಮಿ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿ ಇದಕ್ಕೇ ಹೋಯಿತು, ಆದರೂ ನಮ್ಮ ಕಡೆ ಹತ್ತು ಜನರನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಮಗ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಜಾಗ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಅದನ್ನು ನೋಡಲು ಕೆನಡಾ ಏನೂ ಬೇಕಿಲ್ಲ.

ಈಗ ನನ್ನ ನಿಜವಾದ ಹುಚ್ಚು: ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲೂಕಸ್ ಪೋಪ್ ಮಾಡಿದ್ದು, 2018. ಇದು ಮಾತ್ರ ಒಂದು ಸಂಜೆಯಲ್ಲಿ ಮುಗಿಯಲ್ಲ, ನನಗೆ ಒಂದು ವಾರ ಹಿಡಿಯಿತು. 1803ರಲ್ಲಿ ಕಾಣೆಯಾದ ವ್ಯಾಪಾರಿ ಹಡಗೊಂದು 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ಅದರಲ್ಲಿದ್ದವರು 60 ಜನ. ನೀವು ಈಸ್ಟ್ ಇಂಡಿಯಾ ಕಂಪನಿಯ ಇನ್ಶೂರೆನ್ಸ್ ಲೆಕ್ಕದವರು. ಹೌದು, ಅದೇ ಕಂಪನಿ. ಹಡಗು ಕಾಣೆಯಾದಾಗ ಅವರ ಕೈಲಿ ಶ್ರೀರಂಗಪಟ್ಟಣ ಬಿದ್ದು ಇನ್ನೂ ನಾಲ್ಕೇ ವರ್ಷ. ಹಡಗಿನ ಸಿಬ್ಬಂದಿಯಲ್ಲಿ ಇಂಡಿಯಾದವರೂ ಇದ್ದಾರೆ, ಅವರ ಹೆಸರು ಪಟ್ಟಿಯಲ್ಲಿ ಕಂಡಾಗ ನನಗೆ ಒಂಥರಾ ಆಯಿತು.

ಕೈಯಲ್ಲಿ ಒಂದು ಗಡಿಯಾರ ಇರುತ್ತದೆ. ಹೆಣದ ಹತ್ತಿರ ಅದನ್ನು ತೆರೆದರೆ ಮೊದಲು ಕತ್ತಲು, ಬರೀ ಸದ್ದು: ಬೈಗುಳ, ಓಡುವ ಕಾಲು, ಒಂದು ಗುಂಡು. ಆಮೇಲೆ ಆ ಸಾವಿನ ಕ್ಷಣ ಕಲ್ಲಿನ ಹಾಗೆ ನಿಂತಿರುತ್ತದೆ, ಅದರೊಳಗೆ ನೀವು ಓಡಾಡಿ ನೋಡಬೇಕು. ಯಾರು ಇವನು, ಹೇಗೆ ಸತ್ತ, ಕೊಂದವರು ಯಾರು? ಯಾರೂ ಹೇಳಿಕೊಡುವುದಿಲ್ಲ. ಮಾತಿನ ಧಾಟಿ, ಹಾಕಿದ ಬಟ್ಟೆ, ಯಾರ ಪಕ್ಕ ಯಾರು ನಿಲ್ಲುತ್ತಾರೆ, ಇದನ್ನೆಲ್ಲ ಗಮನಿಸಿ ಪುಸ್ತಕದಲ್ಲಿ ತುಂಬಬೇಕು. ಮೂರು ಜನರದ್ದು ಸರಿಯಾದರೆ ಮಾತ್ರ ಅದು ಒಪ್ಪಿಕೊಳ್ಳುತ್ತದೆ, ಹಾಗಾಗಿ ಒಂದೊಂದನ್ನೇ ಊಹಿಸಿ ದಾಟುವ ಆಟ ಇಲ್ಲಿ ನಡೆಯಲ್ಲ. ರಾತ್ರಿ ಒಂದು ಗಂಟೆಗೆ, ಎರಡು ದಿನದಿಂದ ನೋಡುತ್ತಿದ್ದ ಅದೇ ಚಿತ್ರದ ಮೂಲೆಯಲ್ಲಿ ಒಬ್ಬನ ಕಾಲು ಕಂಡು, ಅವನು ಯಾರೆಂದು ಥಟ್ಟನೆ ಹೊಳೆದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಪೂರ್ತಿ ಎರಡೇ ಬಣ್ಣ, ಹಳೇ ಮ್ಯಾಕಿಂಟೋಷ್ ಕಂಪ್ಯೂಟರಿನ ಥರ. ನನ್ನ ಒಬ್ಬ ಗೆಳೆಯ ಹತ್ತು ನಿಮಿಷಕ್ಕೆ ತಲೆ ಸುತ್ತುತ್ತದೆ ಅಂತ ಬಿಟ್ಟ. ನಿಮಗೂ ಹಾಗಾದರೆ ಸೆಟ್ಟಿಂಗ್ಸ್‌ನಲ್ಲಿ ಬೇರೆ ಮಾನಿಟರ್ ಬಣ್ಣ ಆರಿಸಿಕೊಳ್ಳಿ, ನಾನು ಹಸಿರು ಹಾಕಿಕೊಂಡೆ. ಹಳೇ ಕಾಲದ ಇಂಗ್ಲಿಷು ಸ್ವಲ್ಪ ಕಾಟ ಕೊಡುತ್ತದೆ. ಆದರೂ ಯೂಟ್ಯೂಬ್ ಕಡೆ ಹೋಗಬೇಡಿ ಪ್ಲೀಸ್. ಈ ಆಟ ಒಂದೇ ಸಲ ಆಡಲು ಆಗುವುದು, ಉತ್ತರ ಗೊತ್ತಾದರೆ ಮುಗೀತು. ಒಂದು ನೋಟ್‌ಬುಕ್ಕು, ಒಂದು ಪೆನ್ನು ಪಕ್ಕಕ್ಕಿಟ್ಟುಕೊಂಡು ಕೂತ್ಕೊಳ್ಳಿ. ಯಾರಾದರೂ ಆಡಿದರೆ ನನಗೆ ಹೇಳಿ, ಇದರ ಬಗ್ಗೆ ಮಾತಾಡಲು ನನಗೆ ಒಬ್ಬರೂ ಸಿಕ್ಕಿಲ್ಲ, ಆ ಗೆಳೆಯ ಇನ್ನೂ ತಲೆ ಸುತ್ತು ಅಂತಲೇ ಹೇಳುತ್ತಿದ್ದಾನೆ.