ಬಾಟಲಿ ಬಿಡಿಸಲು ಸ್ಟೀಲ್ ಲೋಟವೋ, ಸಿಪ್ಪರೋ, ಸ್ಟ್ರಾ ಕಪ್ಪೋ?

ಕೂಸಿಗೆ ವರ್ಷ ತುಂಬುತ್ತಿದೆ, ಬಾಟಲಿ ಬಿಡಿಸಲು ಏನು ಕೊಳ್ಳಲಿ ಎಂದು ಕೇಳಿದ್ದೀರಿ. 12ರಿಂದ 18 ತಿಂಗಳೊಳಗೆ ಬಿಟ್ಟರೆ ಸಾಕು, ಅವಸರ ಬೇಡ.

ಖರ್ಚಿನಲ್ಲಿ ಸ್ಟೀಲ್ ಲೋಟಕ್ಕೆ ಸಾಟಿಯಿಲ್ಲ. ಮನೆಯಲ್ಲೇ ಇರುತ್ತದೆ, ಬಿದ್ದರೂ ಒಡೆಯದು. ಸಿಪ್ಪರಿನ ಮೂತಿಯನ್ನು ಹಲ್ಲು ಬಂದ ಕೂಸು ಕಚ್ಚಿ ಹಾಳುಮಾಡುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ತೊಳೆಯುವ ಕೆಲಸ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸ್ಟ್ರಾದೊಳಗೆ, ಸಿಪ್ಪರಿನ ವಾಲ್ವ್ (ಹಾಲು ಚೆಲ್ಲದಂತೆ ತಡೆಯುವ ಬಿಲ್ಲೆ) ಸಂದಿಯಲ್ಲಿ ಉಳಿದ ಹಾಲು ಬೇಗ ಕೆಡುತ್ತದೆ. ಪ್ರತಿ ಸಲ ಸಣ್ಣ ಬ್ರಷ್ ಹಾಕಿ ಉಜ್ಜಲು ಆಗದಿದ್ದರೆ ಅವುಗಳಲ್ಲಿ ನೀರಷ್ಟೇ ಕೊಡಿ.

ಚೆಲ್ಲುವುದರಲ್ಲಿ ಮಾತ್ರ ಲೋಟ ಸೋಲುತ್ತದೆ. ಬೀದರ್‌ಗೋ ಯಾದಗಿರಿಗೋ ಬಸ್ಸಿನಲ್ಲಿ ಓಡಾಡುವವರಿಗೆ ಸ್ಟ್ರಾ ಕಪ್ ಅನುಕೂಲ. ದಿನವಿಡೀ ಅಜ್ಜಿಯ ಬಳಿ ಇರುವ ಕೂಸಿಗೆ ಲೋಟವೇ ಸರಿ. ಎರಡು ಗುಟುಕು ಹಾಕಿ, ಹಿಡಿದು ಕುಡಿಸಿದರೆ ಕಲಿಯುತ್ತದೆ. ಲೋಟ ಕಂಡರೆ ಮುಖ ತಿರುಗಿಸುವ ಕೂಸಿಗೆ ಸ್ವಲ್ಪ ದಿನ ಸಿಪ್ಪರ್ ಇರಲಿ. ವಾಲ್ವ್ ಇಲ್ಲದ್ದನ್ನೇ ನೋಡಿ, ಇದ್ದರೆ ಅದನ್ನೂ ಬಾಟಲಿಯಂತೆ ಚೀಪಬೇಕಾಗುತ್ತದೆ.

ಯಾವುದನ್ನೇ ಆರಿಸಿ, ಹಗಲಿನ ಬಾಟಲಿ ಮೊದಲು ಬಿಡಿಸಿ, ರಾತ್ರಿಯದ್ದು ಕೊನೆಗೆ. ಬಾಯಲ್ಲಿಟ್ಟು ಮಾತ್ರ ಮಲಗಿಸಬೇಡಿ, ಹಲ್ಲು ಹುಳುಕಾಗುತ್ತವೆ. ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು ಸಾಕು. ಅತಿಯಾದರೆ ನುರಿಸಿದ ರೊಟ್ಟಿ-ಬ್ಯಾಳಿ ಕೂಸಿಗೆ ರುಚಿಸುವುದಿಲ್ಲ, ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾಗುತ್ತದೆ.