ಇಂಗ್ಲಿಷ್ ಅನಿಯಮಿತ ಕ್ರಿಯಾಪದಗಳ ಗೋಡೆ ಚಾರ್ಟ್: ಕೊಳ್ಳಬಹುದು, ತಿದ್ದಿಕೊಂಡು

ಅಕಾರಾದಿ ಕ್ರಮ ಬಿಟ್ಟು, ರೂಪ ಬದಲಾಗುವ ರೀತಿ ನೋಡಿ ಗುಂಪು ಮಾಡಿರುವುದೇ ಈ ಚಾರ್ಟಿನ ಹೆಚ್ಚುಗಾರಿಕೆ. ಭೂತಕಾಲದಲ್ಲೂ ಬದಲಾಗದ ಕಟ್, ಪುಟ್, ಹಿಟ್ ಒಂದು ಕಡೆ. ಸಿಂಗ್–ಸ್ಯಾಂಗ್, ಡ್ರಿಂಕ್–ಡ್ರ್ಯಾಂಕ್ ಇನ್ನೊಂದು ಕಡೆ. ಆದರೆ ಬ್ರಿಂಗ್ ಅನ್ನೂ ಸಿಂಗ್ ಕೆಳಗೇ ಹಾಕಿದ್ದಾರೆ. ಮಕ್ಕಳು ‘ಬ್ರ್ಯಾಂಗ್’ ಎನ್ನದೆ ಇನ್ನೇನು ಮಾಡಿಯಾರು! ಅದರ ಭೂತಕಾಲ ಬ್ರಾಟ್. ಜಾಗ ಬೈ–ಬಾಟ್, ಥಿಂಕ್–ಥಾಟ್ ಸಾಲಿನಲ್ಲಿ.

ರೀಡ್‌ಗೆ ಉಚ್ಚಾರಣೆ ಕೊಟ್ಟಿಲ್ಲ. ಕಾಗುಣಿತ ಎರಡೂ ಕಾಲಕ್ಕೆ ಒಂದೇ, ಭೂತಕಾಲದಲ್ಲಿ ಮಾತ್ರ ‘ರೆಡ್’ ಎಂದು ಓದಬೇಕು, ಪೆನ್ನಿನಲ್ಲಿ ಬರೆದುಕೊಳ್ಳಿ. ಮಲಗುವ ಲೈ–ಲೇ, ಇಡುವ ಲೇ–ಲೇಡ್ ಅಕ್ಕಪಕ್ಕ ಇರುವುದು ಜಾಣತನ, ಗೊಂದಲ ಹುಟ್ಟುವುದೇ ಅಲ್ಲಿ.

ದೊಡ್ಡ ಕೊರತೆ ಬೇರೆ: ‘ಡಿಡ್’ ಬಂದ ಮೇಲೆ ಮೂಲರೂಪವೇ ಬರಬೇಕೆಂಬ ಮಾತೇ ಇಲ್ಲ. ‘ಡಿಡ್ ನಾಟ್ ವೆಂಟ್’ ತಪ್ಪು, ‘ಡಿಡ್ ನಾಟ್ ಗೋ’ ಸರಿ.