“ಏನು ಕೆಲಸ ಮಾಡ್ತಿದ್ರಿ?” ಎಂದು ಕೇಳಿದ ಪಾಲಿಕ್ಲಿನಿಕ್

ನಮ್ಮ ಯಜಮಾನರಿಗೆ ಕೆಮ್ಮು ಶುರುವಾಗಿ ಮೂರು ವರ್ಷ ಆಯಿತು. ಮೊದಲು ಚಳಿಗೆ ಅಂದುಕೊಂಡೆವು. ಆಮೇಲೆ ಟೊಮೆಟೊಗೆ ಔಷಧಿ ಹೊಡೆದಿದ್ದಕ್ಕೆ ಇರಬೇಕು ಅಂದರು ಅಕ್ಕಪಕ್ಕದವರು. ಒಬ್ಬ ಡಾಕ್ಟರು ಅಲರ್ಜಿ ಎಂದರು. ಇನ್ನೊಬ್ಬರು ಬೀಡಿ ಬಿಡಿ ಎಂದರು. ಅವರು ಬೀಡಿ ಮುಟ್ಟಿದವರೇ ಅಲ್ಲ! ಕೊನೆಗೆ ಡೈರಿಗೆ ಹಾಲಿನ ಕ್ಯಾನ್ ಒಯ್ಯುವಾಗ ದಾರಿಯಲ್ಲಿ ಎರಡು ಸಲ ನಿಲ್ಲುವ ಹಾಗಾಯಿತು. ಆಗ ಬೀರುವಿನಲ್ಲಿದ್ದ ಇಸಿಎಚ್‌ಎಸ್ ಕಾರ್ಡು ಹೊರಗೆ ತೆಗೆದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಮಾಜಿ ಸೈನಿಕರ ಆರೋಗ್ಯ ಯೋಜನೆ, 2003ರ ಏಪ್ರಿಲ್ 1ರಿಂದ ಇದೆ. ಪಿಂಚಣಿ ಬರುವ ಮಾಜಿ ಸೈನಿಕರಿಗೆ, ಹೆಂಡತಿಗೆ, ಅವರನ್ನೇ ನಂಬಿಕೊಂಡಿರುವ ತಂದೆತಾಯಿ ಮಕ್ಕಳಿಗೆ. ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿ ಆಗದ್ದನ್ನು ಯೋಜನೆಗೆ ಸೇರಿರುವ ದೊಡ್ಡ ಆಸ್ಪತ್ರೆಗೆ ಬರೆದು ಕಳಿಸುತ್ತಾರೆ. ನಾವು ದುಡ್ಡು ಕೊಡುವ ಹಾಗಿಲ್ಲ. ಯಜಮಾನರು 1980ರಲ್ಲಿ ಸೇರಿ 2004ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಅಷ್ಟು ವರ್ಷ ಕಾರ್ಡು ಇದ್ದರೂ ನಾವು ಹೋಗಿದ್ದು ಜ್ವರಕ್ಕೆ, ಮಂಡಿನೋವಿಗೆ ಅಷ್ಟೇ.

ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ಪಾಲಿಕ್ಲಿನಿಕ್‌ಗೆ ಎರಡು ಬಸ್ಸು. ಒಂಬತ್ತಕ್ಕೆ ಹೋದರೂ ಟೋಕನ್ ಮೂವತ್ತರ ಮೇಲೆ. ಕೂರಲು ಜಾಗ ಕಮ್ಮಿ, ಅದು ನಿಜ. ಆದರೆ ಅಲ್ಲಿ ಕಾಯುವುದು ಬೇಜಾರಾಗುವುದಿಲ್ಲ. ಕನ್ನಡ, ತೆಲುಗು, ಫೌಜಿನ ಹಿಂದಿ ಮೂರೂ ಸೇರಿದ ಮಾತು. ಯಾವ ಯೂನಿಟ್, ಯಾವ ವರ್ಷ, ಇವತ್ತು ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ.

ಅವತ್ತು ಇದ್ದವರು ಹೊಸ ಡಾಕ್ಟರಮ್ಮ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಉಸಿರು ಎಳೀರಿ ಎಂದು ಜಾಸ್ತಿ ಹೊತ್ತು ಕೇಳಿದರು. ಕೆಳಗಡೆ ಎರಡೂ ಪಕ್ಕ ಇಟ್ಟು ಮತ್ತೆ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, “ಹವಾಲ್ದಾರ್ ಸಾಹೇಬ್ರೇ, ಫೌಜಿನಲ್ಲಿ ಏನು ಕೆಲಸ ಮಾಡ್ತಿದ್ರಿ?” ಎಂದರು.

ಮೂರು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಇವರು ಇಎಂಇಯಲ್ಲಿ, ಅಂದರೆ ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ವಿಭಾಗದಲ್ಲಿ, ಗಾಡಿ ಮೆಕ್ಯಾನಿಕ್. ಶಕ್ತಿಮಾನ್ ಲಾರಿ, ಜೋಂಗಾ ಜೀಪು, ಎಲ್ಲದರ ಬ್ರೇಕ್ ಕೆಲಸ ಇವರದು. ಡ್ರಮ್ ಬಿಚ್ಚಿದರೆ ಒಳಗೆ ಬೂದಿ ಥರ ದೂಳು ಕೂತಿರುತ್ತಿತ್ತಂತೆ. ಅದನ್ನು ಗಾಳಿ ಪೈಪ್ ಹಿಡಿದು ಊದುತ್ತಿದ್ದರು. ಹೊಸ ಲೈನಿಂಗ್ ಉಜ್ಜಿ ಕೂರಿಸುತ್ತಿದ್ದರು. ಮುಖಕ್ಕೆ ಒಂದು ಕರ್ಚೀಫು, ಅಷ್ಟೇ. ಆಗಿನ ಬ್ರೇಕ್ ಲೈನಿಂಗ್‌ನಲ್ಲಿ ಇರುತ್ತಿದ್ದುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಕಾಯಿಲೆ ಕಾಣಿಸುವುದಕ್ಕೆ ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಮನುಷ್ಯ ಯೂನಿಫಾರ್ಮ್ ಬಿಚ್ಚಿಟ್ಟು ಹಸು ಕಟ್ಟುತ್ತಿರುತ್ತಾನೆ. ಆ ಕೆಲಸಕ್ಕೂ ಈ ಕೆಮ್ಮಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೀಬೇಕು?

ನನಗೆ ಹೊಳೆಯಬೇಕಿತ್ತು. ನಾನು ಕೆಜಿಎಫ್‌ನ ಮಗಳು. ನಮ್ಮಪ್ಪ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ಎಷ್ಟೋ ಮೊದಲೇ ಅವರ ಉಸಿರು ಹೋಗಿತ್ತು. ಸಿಲಿಕೋಸಿಸ್ ಅನ್ನೋ ಪದ ನಮ್ಮ ಲೈನ್ ಮನೆಗಳಲ್ಲಿ ಓದು ಬಾರದವರಿಗೂ ಗೊತ್ತಿತ್ತು. ಗಣಿಯ ದೂಳು ಕೊಲ್ಲುತ್ತದೆ ಎಂದು ತಿಳಿದಿದ್ದ ನಾನು ವರ್ಕ್‌ಶಾಪಿನ ದೂಳನ್ನು ದೂಳು ಅಂತಲೇ ಲೆಕ್ಕಕ್ಕಿಡಲಿಲ್ಲ.

ಎದೆಯ ಸಿ.ಟಿ. ಸ್ಕ್ಯಾನ್‌ಗೆ, ಶ್ವಾಸಕೋಶದ ಶಕ್ತಿ ನೋಡುವ ಊದುವ ಪರೀಕ್ಷೆಗೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಬರೆದುಕೊಟ್ಟರು. ಆ ಆಸ್ಪತ್ರೆಗೆ ನನ್ನ ಕಡೆಯಿಂದ ಐದಕ್ಕೆ ಒಂದೇ ಸ್ಟಾರ್. ಕಾಗದ ಎದುರಿಗಿದ್ದರೂ ಅಡ್ವಾನ್ಸ್ ಕಟ್ಟಿ ಎಂದರು. ಇದು ಕ್ಯಾಶ್‌ಲೆಸ್, ಪಾಲಿಕ್ಲಿನಿಕ್‌ಗೆ ಫೋನ್ ಮಾಡಿ ಕೊಡ್ತೀನಿ ಮಾತಾಡಿ ಎಂದ ಮೇಲೆ ಸುಮ್ಮನಾದರು. ನೀವೂ ಹೆದರಬೇಡಿ. ಸುಮ್ನೆ ಪರ್ಸ್ ತೆಗೀಬೇಡಿ.

ರಿಪೋರ್ಟ್‌ನಲ್ಲಿ ಶ್ವಾಸಕೋಶದ ಕೆಳಭಾಗ ಗಟ್ಟಿಯಾಗಿದೆ, ಮೇಲಿನ ಪೊರೆಯಲ್ಲಿ ಅಲ್ಲಲ್ಲಿ ದಪ್ಪ ಕಲೆ ಇದೆ ಎಂದು ಬಂತು. ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ಗುಣ ಮಾಡುವ ಔಷಧಿ ಇಲ್ಲ ಎಂದು ಡಾಕ್ಟರಮ್ಮ ನೇರವಾಗಿ ಹೇಳಿದರು. ಹಾಗಂತ ಕೈಬಿಡಲಿಲ್ಲ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ದಿನಾ ಇಷ್ಟು ನಡಿಗೆ, ಮೂರು ತಿಂಗಳಿಗೊಮ್ಮೆ ಬೆರಳಿಗೆ ಆಕ್ಸಿಜನ್ ನೋಡುವುದು. ಫಾರ್ಮಸಿಯಲ್ಲಿ ಇನ್‌ಹೇಲರ್ ಮಾತ್ರ ಎರಡು ಸಲ ಇರಲಿಲ್ಲ. ಹೊರಗೆ ತಗೊಂಡೆವು, ಬಿಲ್ಲು ಕೊಟ್ಟಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ. ಅದಕ್ಕೇ ಪಾಲಿಕ್ಲಿನಿಕ್‌ಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಐದಲ್ಲ.

ಪಿಂಚಣಿ ವಿಷಯ ಕಷ್ಟದ್ದು. ಅಂಗವೈಕಲ್ಯ ಪಿಂಚಣಿ ಬೇಕಾದರೆ ಕಾಯಿಲೆ ಸೇವೆಯಿಂದಲೇ ಬಂದಿರಬೇಕು, ಇಲ್ಲ ಸೇವೆಯಿಂದ ಜಾಸ್ತಿಯಾಗಿರಬೇಕು. ಇವರು ಹೊರಗೆ ಬರುವಾಗ ಮೆಡಿಕಲ್ ಕಾಗದದಲ್ಲಿ ಫಿಟ್ ಎಂದಿದೆ. 2013ರಲ್ಲಿ ಧರಂವೀರ್ ಸಿಂಗ್ ಎಂಬ ಸಿಪಾಯಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತು ಹೇಳಿತು. ಸೇರುವಾಗ ಯಾವ ಕಾಯಿಲೆಯೂ ಬರೆದಿಲ್ಲದಿದ್ದರೆ, ಕಾಯಿಲೆಯಿಂದ ಹೊರಗೆ ಕಳಿಸಿದವನದು ಸೇವೆಯಿಂದಲೇ ಬಂದದ್ದು ಎಂದು ಮೊದಲು ನಂಬಬೇಕು, ಅಲ್ಲ ಎಂದು ತೋರಿಸುವ ಹೊರೆ ಸರ್ಕಾರದ್ದು ಅಂತ. ಆದರೆ ಅದು ಸೇವೆಯಲ್ಲಿರುವಾಗಲೇ ಕಾಯಿಲೆ ಬಿದ್ದವರ ಮಾತು. ಮೂವತ್ತು ವರ್ಷ ಒಳಗೇ ಕೂತಿದ್ದ ನಾರಿನ ಕಥೆ ಯಾರ ಮುಂದೆ ಹೇಳುವುದು?

ಅಮೆರಿಕದಲ್ಲಿರುವ ನನ್ನ ತಂಗಿ ಮಗ ಅಲ್ಲಿನ ಕಾನೂನು ಹೇಳಿದ. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದ ಸೈನಿಕರಿಗಾಗಿ 2022ರಲ್ಲಿ ಪ್ಯಾಕ್ಟ್ ಆಕ್ಟ್ ಅಂತ ಮಾಡಿದ್ದಾರೆ. ಆ ಜಾಗಗಳಲ್ಲಿ ಇದ್ದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಹೊಗೆಯಿಂದಲೇ ಬಂತು ಎಂದು ಅವರು ಸಾಬೀತು ಮಾಡಬೇಕಾಗಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕನಿಷ್ಠ ಐದು ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಕೇಳುತ್ತಾರೆ, ಸೇವೆಯಲ್ಲಿ ಯಾವ ವಿಷ, ಯಾವ ಹೊಗೆ, ಯಾವ ದೂಳು ನಿಮಗೆ ತಾಕಿತ್ತು ಅಂತ. ಐದ್ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಒಬ್ಬ ಡಾಕ್ಟರಮ್ಮ ತಾವಾಗಿ ಕೇಳಿದರು. ಎಲ್ಲರೂ ಕೇಳುವ ಹಾಗೆ ಟೋಕನ್ ಚೀಟಿಯಲ್ಲೇ ಒಂದು ಸಾಲು ಇದ್ದರೆ ಆಗದಾ?

ಅಲ್ಲಿವರೆಗೆ ನೀವೇ ಬರೆದುಕೊಂಡು ಹೋಗಿ. ಯಾವ ವರ್ಷ, ಯಾವ ಜಾಗ, ಕೈಯಲ್ಲಿ ಏನು ಕೆಲಸ. ವೆಲ್ಡಿಂಗ್, ಪೇಂಟಿಂಗ್, ಬ್ಯಾಟರಿ, ಇಂಧನ, ಮದ್ದುಗುಂಡು, ಏನಿದ್ದರೂ. ಡಿಸ್ಚಾರ್ಜ್ ಬುಕ್ ಜೊತೆಗಿರಲಿ, ಹಳೆಯ ಎಕ್ಸ್‌ರೇ ಬಿಸಾಕಬೇಡಿ. ನಮ್ಮವರದನ್ನು ನಾನೇ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಹಚ್ಚಿದ್ದೇನೆ.

ಆ ಹಾಳೆ ನೋಡುತ್ತಾ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಅಮ್ಮ, ಇವರ ಬಟ್ಟೆ ಯಾರು ಒಗೀತಿದ್ರು?”

ನಾನೇ ಒಗೆಯುತ್ತಿದ್ದೆ. ಪಠಾಣ್‌ಕೋಟ್ ಕ್ವಾರ್ಟರ್ಸ್‌ನ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು, ನೀರಿಗೆ ಹಾಕುವ ಮುಂಚೆ ಡಂಗ್ರಿಯನ್ನು, ಅಂದರೆ ವರ್ಕ್‌ಶಾಪಿನ ಬಟ್ಟೆಯನ್ನು, ಎರಡು ಕೈಯಲ್ಲಿ ಹಿಡಿದು ಜೋರಾಗಿ ಕೊಡವುತ್ತಿದ್ದೆ. ಬಿಸಿಲಲ್ಲಿ ದೂಳು ಹಾರಾಡುವುದು ಕಾಣುತ್ತಿತ್ತು. ಮಗಳು ಕಾಲಬುಡದಲ್ಲೇ ಆಡಿಕೊಂಡಿರುತ್ತಿದ್ದಳು.

ನನ್ನ ಎಕ್ಸ್‌ರೇ ಸದ್ಯಕ್ಕೆ ಸರಿಯಾಗಿದೆ. ಮುಂದಿನ ತಿಂಗಳು ಇವರದು ಊದುವ ಪರೀಕ್ಷೆ ಮತ್ತೆ ಇದೆ, ಜೊತೆಗೆ ನನ್ನದೂ ಬರೆದಿದ್ದಾರೆ. ಮಗಳಿಗೂ ಬರಲು ಹೇಳಿದ್ದೇನೆ. ಮದುವೆಯಾಗಿರುವುದರಿಂದ ಅವಳಿಗೆ ಕಾರ್ಡು ನಡೆಯುವುದಿಲ್ಲ, ದುಡ್ಡು ಕಟ್ಟಿ ಮಾಡಿಸುತ್ತೇವೆ.